ಸೀಸರಹಿತ ಬೆಸುಗೆಯ ದೋಷಗಳು: ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಅಪಾಯಕಾರಿ ವಸ್ತುಗಳ ಬಳಕೆಗೆ ಮಿತಿ ಹಾಕುವ ಐರೋಪ್ಯ ಒಕ್ಕೂಟದ ರೋಹ್ಸ್ ನಿರ್ದೇಶನ 2006ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿ ತವರ-ಸೀಸದ ಬೆಸುಗೆ ಹಿಂದೆ ಸರಿಯಿತು. ಉಪಕರಣದ ಪ್ರತಿಯೊಂದು ಏಕರೂಪ ವಸ್ತುವಿನಲ್ಲೂ ಸೀಸ ತೂಕದಲ್ಲಿ ಶೇ 0.1ನ್ನು ಮೀರಬಾರದು ಎಂಬುದು ಅಲ್ಲಿನ ಮಿತಿ. ಆಮೇಲೆ ಹಲವು ದೇಶಗಳು ಇದೇ ಮಿತಿಯನ್ನು ತಮ್ಮ ನಿಯಮಗಳಿಗೂ ಸೇರಿಸಿಕೊಂಡವು. ಸೀಸ ನರಮಂಡಲಕ್ಕೆ, ಅದರಲ್ಲೂ ಮಕ್ಕಳಿಗೆ ಮಾಡುವ ಹಾನಿಯನ್ನು ನೆನೆದರೆ ಈ ಬದಲಾವಣೆ ಬೇಕಾಗಿಯೇ ಇತ್ತು. ಆದರೆ ಹಳೆಯ ಬೆಸುಗೆಗೆ ಒಗ್ಗಿದ ಕೈ, ಕಣ್ಣು ಮತ್ತು ಯಂತ್ರ ಮೂರೂ ಹೊಸದನ್ನು ಕಲಿಯಬೇಕಾಗುತ್ತದೆ.

63/37 ಅನುಪಾತದ ತವರ-ಸೀಸ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಸ್ಯಾಕ್ 305 ಮಿಶ್ರಲೋಹದಲ್ಲಿ ಶೇ 96.5 ತವರ, ಶೇ 3 ಬೆಳ್ಳಿ, ಶೇ 0.5 ತಾಮ್ರ ಇರುತ್ತವೆ. ಅದು ಕರಗಲು 217ರಿಂದ 220 ಡಿಗ್ರಿ ಬೇಕು. ಬೆಳ್ಳಿಯಿಲ್ಲದ ತವರ-ತಾಮ್ರಕ್ಕೆ 227 ಡಿಗ್ರಿ. ಇತ್ತ ಐಸಿಗಳ ಪ್ಲಾಸ್ಟಿಕ್ ಕವಚ ತಾಳಿಕೊಳ್ಳುವ ಗರಿಷ್ಠ ಶಾಖ, ಗಾತ್ರಕ್ಕೆ ತಕ್ಕಂತೆ, 245ರಿಂದ 260 ಡಿಗ್ರಿ ಮಾತ್ರ. ಕೆಳಗಿನ ಗೆರೆ 34 ಡಿಗ್ರಿ ಮೇಲೇರಿತು, ಮೇಲಿನ ಗೆರೆ ಅಷ್ಟು ಏರಲಿಲ್ಲ. ನಡುವೆ ಉಳಿದ ಕಿರಿದಾದ ಜಾಗದಲ್ಲೇ ನಾವು ಕೆಲಸ ಮಾಡುತ್ತಿದ್ದೇವೆ.

ಬೆಸುಗೆ ಸರಿಹೋಗದಿದ್ದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಶಾಖ ಏರಿಸುವುದು. ಅದು ಕೊನೆಯ ಉಪಾಯವಾಗಬೇಕು. ಸೀಸರಹಿತ ಬೆಸುಗೆಯ ಬಹುಪಾಲು ದೋಷಗಳ ಹಿಂದಿರುವುದು ಶಾಖದ ಕೊರತೆಯಲ್ಲ. ಶಾಖ ತಲುಪಬೇಕಾದಲ್ಲಿಗೆ ತಲುಪದಿರುವುದು, ಫ್ಲಕ್ಸ್ (ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ಕಳೆಯುವ ದ್ರವ್ಯ) ಬೇಗ ಸತ್ತುಹೋಗುವುದು ಅಥವಾ ಎರಡು ಲೋಹಗಳು ಬೆರೆತುಹೋಗುವುದು ಅವುಗಳ ಕಾರಣ. ಮುಂದಿನ ಭಾಗಗಳನ್ನು ಕಣ್ಣಿಗೆ ಬೀಳುವ ಲಕ್ಷಣಗಳ ಪ್ರಕಾರ ಬರೆದಿದ್ದೇನೆ. ಪ್ರತಿಯೊಂದರಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ.

ಕೈ ಹಾಕುವ ಮುನ್ನ

ಸೀಸ ಹೋಯಿತು, ಹಾಗಾಗಿ ಹೊಗೆಯೂ ನಿರಪಾಯಕಾರಿ ಎಂಬ ನಂಬಿಕೆ ತಪ್ಪು. ಬೆಸುಗೆ ಹಾಕುವಾಗ ಏಳುವ ಹೊಗೆ ಮುಖ್ಯವಾಗಿ ಫ್ಲಕ್ಸಿನದು. ರಾಳದ ಫ್ಲಕ್ಸ್ ಹೊಗೆಯಿಂದ ಉಬ್ಬಸ ಬರುವುದು ಗೊತ್ತಿರುವ ಸಂಗತಿ. ಸೀಸರಹಿತ ಕೆಲಸದಲ್ಲಿ ಶಾಖವೂ ಹೆಚ್ಚು, ಫ್ಲಕ್ಸೂ ಹೆಚ್ಚು ತೀಕ್ಷ್ಣ. ಹೊಗೆಯನ್ನು ಮೂಗಿನ ಬಳಿಗೆ ಬರುವ ಮೊದಲೇ ಎಳೆದುಕೊಳ್ಳುವ ವ್ಯವಸ್ಥೆ ಇರಲಿ. ದುರಸ್ತಿಗೆ ಬರುವ ಹಳೆಯ ಬೋರ್ಡುಗಳಲ್ಲಿ ಸೀಸ ಇದ್ದೇ ಇರುತ್ತದೆ. ಅದು ದೇಹ ಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ. ಕೆಲಸದ ಮೇಜಿನ ಮೇಲೆ ತಿನ್ನಬೇಡಿ, ಕುಡಿಯಬೇಡಿ. ಎದ್ದಾಗ ಸೋಪಿನಿಂದ ಕೈ ತೊಳೆಯಿರಿ.

ಕರಗಿದ ಲೋಹದ ತೊಟ್ಟಿಯ ಹತ್ತಿರ ಒಂದು ಹನಿ ನೀರೂ ಇರಕೂಡದು. ಒದ್ದೆಯಾದ ಬೆಸುಗೆ ಕಡ್ಡಿಯನ್ನು ತೊಟ್ಟಿಗೆ ಹಾಕಿದರೆ ನೀರು ಕ್ಷಣದಲ್ಲಿ ಆವಿಯಾಗಿ ಬಿಸಿ ಲೋಹವನ್ನು ಮುಖಕ್ಕೆ ಎರಚುತ್ತದೆ. ಮುಖಗವಚ, ಶಾಖ ತಡೆಯುವ ಕೈಗವಸು, ಪೂರ್ತಿ ತೋಳಿನ ಬಟ್ಟೆ ಇಲ್ಲದೆ ತೊಟ್ಟಿಯ ಬಳಿ ಹೋಗಬೇಡಿ. ಪವರ್ ಸಪ್ಲೈ ಬೋರ್ಡ್ ಪರೀಕ್ಷಿಸುವಾಗ ದೊಡ್ಡ ಕೆಪಾಸಿಟರುಗಳಲ್ಲಿನ ವಿದ್ಯುತ್ ಇಳಿದಿದೆಯೇ ಎಂದು ಮೀಟರಿನಲ್ಲಿ ನೋಡಿದ ಮೇಲೆಯೇ ಮುಟ್ಟಿ.

ಬೆಸುಗೆ ಮಂಕಾಗಿದೆ, ಮೇಲ್ಮೈ ಒರಟಾಗಿದೆ

ಹೆಚ್ಚಿನ ಸಲ ಇದು ದೋಷವೇ ಅಲ್ಲ. ತವರ-ಸೀಸದ ಬೆಸುಗೆ ತಣಿದಾಗ ಕನ್ನಡಿಯಂತೆ ಹೊಳೆಯುತ್ತಿದ್ದುದರಿಂದ ಮಂಕಾದದ್ದೆಲ್ಲ ಕೆಟ್ಟ ಬೆಸುಗೆ ಎಂದು ನಾವು ಕಲಿತಿದ್ದೆವು. ಸ್ಯಾಕ್ ಮಿಶ್ರಲೋಹ ತಣಿಯುವಾಗ ತವರದ ಹರಳುಗಳು ಮರದ ಕೊಂಬೆಗಳ ಆಕಾರದಲ್ಲಿ ಮೊದಲು ಗಟ್ಟಿಯಾಗುತ್ತವೆ, ಉಳಿದ ದ್ರವ ಅವುಗಳ ನಡುವೆ ಕುಗ್ಗುತ್ತದೆ. ಮೇಲ್ಮೈ ಒರಟಾಗುವುದು, ಕೆಲವೊಮ್ಮೆ ಸಣ್ಣ ಕುಗ್ಗು-ಬಿರುಕುಗಳು ಕಾಣುವುದು ಅದರಿಂದಲೇ. ಬಿರುಕಿನ ತಳ ಕಾಣುತ್ತಿದ್ದು, ಅದು ಬಿಡಿಭಾಗದ ಪಿನ್ನನ್ನಾಗಲಿ ಬೋರ್ಡಿನ ಪ್ಯಾಡನ್ನಾಗಲಿ (ಪಿನ್ ಬೆಸೆಯುವ ತಾಮ್ರದ ಜಾಗ) ಮುಟ್ಟದಿದ್ದರೆ ಎಲೆಕ್ಟ್ರಾನಿಕ್ ಬೋರ್ಡುಗಳ ತಪಾಸಣೆಗಿರುವ ಐಪಿಸಿ-ಎ-610 ಮಾನದಂಡವೂ ಅದನ್ನು ಒಪ್ಪಿಕೊಳ್ಳುತ್ತದೆ.

ಆದ್ದರಿಂದ ಹೊಳಪನ್ನು ಬಿಟ್ಟು ಅಂಚನ್ನು ನೋಡಿ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಬೆಸುಗೆ ಪ್ಯಾಡಿನ ಕಡೆಗೂ ಪಿನ್ನಿನ ಕಡೆಗೂ ತೆಳುವಾಗುತ್ತ ಹೋಗಿ ಅಂಚಿನಲ್ಲಿ ಬೆರೆತಿದ್ದರೆ ಅದು ಒಳ್ಳೆಯ ಬೆಸುಗೆ, ಎಷ್ಟೇ ಮಂಕಾಗಿರಲಿ. ಅಂಚು ಒಳಕ್ಕೆ ಮಡಿಚಿಕೊಂಡಿದ್ದರೆ ಮುಂದಿನ ಭಾಗಕ್ಕೆ ಹೋಗಿ. ಗಟ್ಟಿಯಾಗುವಾಗ ಬೋರ್ಡ್ ಅಲುಗಾಡಿದ್ದರೆ ಮೇಲ್ಮೈಯಲ್ಲಿ ಸುಕ್ಕಿನಂಥ ಗೆರೆಗಳು ಮೂಡುತ್ತವೆ. ಅಂಥದ್ದನ್ನು ಫ್ಲಕ್ಸ್ ಹಚ್ಚಿ ಮತ್ತೆ ಕರಗಿಸಬೇಕು.

ನೋಟ ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಬೆಸುಗೆಯನ್ನು ಮತ್ತೆ ಬಿಸಿ ಮಾಡುವುದು ನನಗೆ ಬಹಳ ನೋವು ಕೊಡುವ ಅಭ್ಯಾಸ. ಪ್ರತಿ ಸಲ ಕರಗಿಸಿದಾಗಲೂ ಪ್ಯಾಡಿನ ತಾಮ್ರ ಸ್ವಲ್ಪ ತವರಕ್ಕೆ ಹೋಗುತ್ತದೆ, ತವರ-ತಾಮ್ರದ ಪೆಡಸು ಪದರ ಇನ್ನಷ್ಟು ದಪ್ಪವಾಗುತ್ತದೆ. ತಪಾಸಣೆ ಮಾಡುವವರಿಗೆ ಒಳ್ಳೆಯ ಸೀಸರಹಿತ ಬೆಸುಗೆಯ ಮಾದರಿ ಬೋರ್ಡ್ ಒಂದನ್ನು ಕೊಟ್ಟು, ಅದರ ಪಕ್ಕದಲ್ಲಿಟ್ಟು ಹೋಲಿಸಲು ಹೇಳಿದರೆ ಈ ಅನಗತ್ಯ ಮರುಕೆಲಸ ಬಹಳ ಕಡಿಮೆಯಾಗುತ್ತದೆ.

ಬೆಸುಗೆ ಹರಡುವುದಿಲ್ಲ, ಗುಂಡಾಗಿ ನಿಂತುಬಿಡುತ್ತದೆ

ತಾವರೆ ಎಲೆಯ ಮೇಲಿನ ನೀರಿನಂತೆ ಲೋಹ ಪ್ಯಾಡಿನ ಮೇಲೆ ಉರುಳಾಡಿದರೆ ಅದು ಪ್ಯಾಡನ್ನು ನೆನೆಸಿಲ್ಲ ಎಂದರ್ಥ. ಸೀಸರಹಿತ ಲೋಹ ಸ್ವಭಾವತಃ ಕಡಿಮೆ ಹರಡುತ್ತದೆ. ಪ್ಯಾಡಿನ ಮೂಲೆಯಲ್ಲಿ ಸ್ವಲ್ಪ ತಾಮ್ರ ಬೆಸುಗೆಯಿಲ್ಲದೆ ಉಳಿದರೆ ಗಾಬರಿ ಬೇಡ. ಗುಂಡಾಗಿ ನಿಲ್ಲುವುದು ಮಾತ್ರ ಬೇರೆಯೇ ಸಂಗತಿ.

ಮೊದಲು ದಿನಾಂಕ ನೋಡಿ. ಬೆಸುಗೆ ಲೋಹದ ಪುಡಿಯನ್ನು ಫ್ಲಕ್ಸಿನಲ್ಲಿ ಕಲಸಿದ ಸೋಲ್ಡರ್ ಪೇಸ್ಟಿನ ಡಬ್ಬಿ ಅವಧಿ ಮೀರಿದೆಯೇ, ಶೀತಪೆಟ್ಟಿಗೆಯಿಂದ ತೆಗೆದು ಕೋಣೆಯ ಶಾಖಕ್ಕೆ ಬರುವ ಮೊದಲೇ ಮುಚ್ಚಳ ತೆರೆದರೇ? ತಣ್ಣನೆಯ ಡಬ್ಬಿಯನ್ನು ತೆರೆದರೆ ಗಾಳಿಯ ತೇವ ಪೇಸ್ಟಿನ ಮೇಲೆ ಕೂರುತ್ತದೆ. ಪೇಸ್ಟ್ ಕರಗಿಸುವ ಓವನ್ನಿನಲ್ಲಿ ಸಣ್ಣ ಸಣ್ಣ ಲೋಹದ ಗುಂಡುಗಳು ಸಿಡಿಯುವುದಕ್ಕೂ ಇದು ಸಾಮಾನ್ಯ ಕಾರಣ. ಆಮೇಲೆ ಬೋರ್ಡಿನ ವಯಸ್ಸು. ಪ್ಯಾಡುಗಳಿಗೆ ಓಎಸ್‌ಪಿ ಎಂಬ ಸಾವಯವ ಲೇಪನವಿದ್ದರೆ ಬೆರಳಚ್ಚು, ಹಳತಾಗುವಿಕೆ, ಒಂದಕ್ಕಿಂತ ಹೆಚ್ಚು ಸಲ ಓವನ್ನಿಗೆ ಹೋಗುವುದು ಎಲ್ಲವೂ ಅದನ್ನು ಕೆಡಿಸುತ್ತವೆ. ಒಂದು ಮುಖ ಮುಗಿಸಿದ ಬೋರ್ಡುಗಳನ್ನು ದಿನಗಟ್ಟಲೆ ಹಾಗೆಯೇ ಇಟ್ಟು ಎರಡನೆಯ ಮುಖಕ್ಕೆ ಬಂದಾಗ ನೆನೆಯದಿರುವುದು ಆಶ್ಚರ್ಯವೇನಲ್ಲ.

ಎರಡನೆಯ ಪರೀಕ್ಷೆಗೂ ಖರ್ಚಿಲ್ಲ. ಕೆಟ್ಟ ಜಾಗಕ್ಕೆ ಹೊಸ ಫ್ಲಕ್ಸ್ ಹಚ್ಚಿ, ಶಾಖ ಏರಿಸದೆ, ಅದೇ ಐರನ್ನಿನಿಂದ ಮುಟ್ಟಿ. ಲೋಹ ಈಗ ಸರಾಗವಾಗಿ ಹರಡಿದರೆ ಶಾಖ ಸಾಕಿತ್ತು, ಫ್ಲಕ್ಸ್ ಸಾಲದಾಗಿತ್ತು ಎಂದು ತೀರ್ಮಾನಿಸಬಹುದು. ಪಿನ್ನಿಗೆ ಹತ್ತಿ ಪ್ಯಾಡಿಗೆ ಹತ್ತದಿದ್ದರೆ ತೊಂದರೆ ಬೋರ್ಡಿನದು; ಪ್ಯಾಡಿಗೆ ಹತ್ತಿ ಪಿನ್ನಿಗೆ ಹತ್ತದಿದ್ದರೆ ಬಿಡಿಭಾಗದ್ದು. ಎರಡಕ್ಕೂ ಹತ್ತದೆ, ದೊಡ್ಡ ತಾಮ್ರದ ಹಾಸಿಗೆ ಸೇರಿದ ಪ್ಯಾಡಿನಲ್ಲಿ ಮಾತ್ರ ಹೀಗಾಗುತ್ತಿದ್ದರೆ ಆ ತಾಮ್ರ ಶಾಖವನ್ನು ಎಳೆದುಕೊಳ್ಳುತ್ತಿದೆ. ಅಲ್ಲಿಯೂ ಟಿಪ್ಪನ್ನು ಕಾಯಿಸುವುದಕ್ಕಿಂತ ಅಗಲವಾದ ಟಿಪ್ ಹಾಕುವುದು ಅಥವಾ ಬೋರ್ಡನ್ನು ಕೆಳಗಿನಿಂದ 100 ಡಿಗ್ರಿಯ ಆಸುಪಾಸಿಗೆ ಬಿಸಿ ಮಾಡಿಕೊಳ್ಳುವುದು ಒಳ್ಳೆಯದು.

ಚಿನ್ನದ ಲೇಪನದ ಬೋರ್ಡುಗಳಲ್ಲಿ ಇನ್ನೊಂದು ದೋಷ ಅಡಗಿರುತ್ತದೆ. ಬೆಸುಗೆ ಮೊದಲು ಚೆನ್ನಾಗಿಯೇ ಹತ್ತಿರುತ್ತದೆ, ಸಣ್ಣ ಪೆಟ್ಟಿಗೆ ಬಿಡಿಭಾಗ ಕಳಚಿ ಬೀಳುತ್ತದೆ, ಕೆಳಗೆ ಕಪ್ಪು ಅಥವಾ ಕಡು ಬೂದು ಬಣ್ಣದ ಚಪ್ಪಟೆ ಪ್ಯಾಡ್ ಕಾಣುತ್ತದೆ. ಚಿನ್ನ ಲೇಪಿಸುವಾಗಲೇ ಅದರ ಕೆಳಗಿನ ನಿಕ್ಕೆಲ್ ತುಕ್ಕು ಹಿಡಿದಿರುವ ಲಕ್ಷಣ ಇದು. ಇದಕ್ಕೆ ನಿಮ್ಮ ಮೇಜಿನ ಮೇಲೆ ಮದ್ದಿಲ್ಲ. ಆ ಇಡೀ ಬ್ಯಾಚಿನ ಬೋರ್ಡುಗಳನ್ನು ಬದಿಗಿಟ್ಟು ತಯಾರಿಸಿದವರಿಗೆ ಮಾದರಿ ಕಳುಹಿಸಿ.

ಓವನ್ನಿನಲ್ಲಿ ಹೀಗಾಗುತ್ತಿದ್ದರೆ ಬೋರ್ಡಿಗೆ ಥರ್ಮೋಕಪಲ್ ಎಂಬ ಶಾಖ ಅಳೆಯುವ ತಂತಿಗಳನ್ನು ಅಂಟಿಸಿ ನಿಜವಾದ ಶಾಖರೇಖೆ ತೆಗೆಯಿರಿ. ಓವನ್ನಿನ ಪರದೆ ತೋರಿಸುವುದು ಗಾಳಿಯ ಶಾಖವನ್ನು, ಬೆಸುಗೆಯದನ್ನಲ್ಲ. ಒಂದು ತಂತಿ ಅತಿ ಭಾರವಾದ ಬಿಡಿಭಾಗದ ಕೆಳಗೆ, ಒಂದು ಅತಿ ಹಗುರವಾದುದರ ಮೇಲೆ ಇರಲಿ. ಸ್ಯಾಕ್ 305ಕ್ಕೆ ಗರಿಷ್ಠ ಶಾಖ 235ರಿಂದ 250, ಕರಗುವ ಗೆರೆಯ ಮೇಲೆ 45ರಿಂದ 90 ಸೆಕೆಂಡ್ ಎಂಬುದು ಆರಂಭಕ್ಕೆ ಯೋಗ್ಯವಾದ ಗುರಿ. ಪೇಸ್ಟ್ ತಯಾರಕರ ಹಾಳೆ ಬೇರೆ ಹೇಳಿದರೆ ಅದನ್ನೇ ನಂಬಿ. 150ರಿಂದ 200 ಡಿಗ್ರಿಯ ನಡುವೆ ಬೋರ್ಡ್ ಬಹಳ ಹೊತ್ತು ನಿಂತರೆ ಲೋಹ ಕರಗುವ ಮೊದಲೇ ಫ್ಲಕ್ಸ್ ತನ್ನ ಕೆಲಸ ಮುಗಿಸಿ ಸತ್ತಿರುತ್ತದೆ. ಆಗ ಕಾಣುವುದು ದ್ರಾಕ್ಷಿ ಗೊಂಚಲಿನಂಥ, ಪೂರ್ತಿ ಬೆರೆಯದ ಕಣಗಳ ಮೇಲ್ಮೈ. ನೋಡಿದವರು ಶಾಖ ಸಾಲದು ಎನ್ನುತ್ತಾರೆ, ಆದರೆ ಅಲ್ಲಿ ಬೇಕಾದುದು ಆ ನಿಲುಗಡೆಯನ್ನು ಮೊಟಕುಗೊಳಿಸುವುದು.

ಐರನ್ನಿನ ಟಿಪ್ ಬೇಗ ಕಪ್ಪಾಗುತ್ತದೆ, ತೂತು ಬೀಳುತ್ತದೆ

ಟಿಪ್ಪಿನ ಒಳಗೆ ತಾಮ್ರ, ಹೊರಗೆ ಕಬ್ಬಿಣದ ಲೇಪನ ಇರುತ್ತದೆ. ತವರ ಹೆಚ್ಚಿರುವ ಬಿಸಿ ಲೋಹ ಆ ಕಬ್ಬಿಣವನ್ನು ಕರಗಿಸುತ್ತ ಹೋಗುತ್ತದೆ. ಲೇಪನ ತೂತಾದ ಕೂಡಲೇ ಒಳಗಿನ ತಾಮ್ರ ಕ್ಷಿಪ್ರವಾಗಿ ಕರಗಿ ಗುಳಿ ಬೀಳುತ್ತದೆ. ಅರದಿಂದ ಉಜ್ಜಿದರೆ ಉಳಿದ ಲೇಪನವೂ ಹೋಗುತ್ತದೆ. ಕೆಲಸ ಮುಗಿಸಿ ಇಡುವಾಗ ಟಿಪ್ಪಿಗೆ ಹೊಸ ಬೆಸುಗೆ ಸವರಿ ಇಡಿ, ಬಳಸದಾಗ ಶಾಖ ತಾನೇ ಇಳಿಯುವಂತೆ ಹೊಂದಿಸಿ, ಒದ್ದೆ ಸ್ಪಂಜಿಗಿಂತ ಹಿತ್ತಾಳೆ ಎಳೆಗಳ ಉಂಡೆಯಲ್ಲಿ ಒರೆಸಿ. 350 ಡಿಗ್ರಿಯ ಆಸುಪಾಸಿನಲ್ಲಿ, ಸರಿಯಾದ ಗಾತ್ರದ ಟಿಪ್ಪಿನಿಂದ ಹೆಚ್ಚಿನ ಕೆಲಸಗಳು ನಡೆಯುತ್ತವೆ. 400 ದಾಟಿಸಿದರೆ ಮಾತ್ರ ಬೆಸುಗೆ ಹತ್ತುತ್ತದೆ ಎನ್ನುವವರ ಟಿಪ್ಪನ್ನು ಪರೀಕ್ಷಿಸಿ: ಅದು ಕಪ್ಪಾಗಿ ಶಾಖ ದಾಟಿಸುವುದನ್ನೇ ನಿಲ್ಲಿಸಿರುತ್ತದೆ.

ದುರಸ್ತಿ ಮಾಡಿದಾಗ ಪ್ಯಾಡ್ ಎದ್ದು ಬರುತ್ತದೆ

ಪ್ಯಾಡು ಬೋರ್ಡಿಗೆ ಅಂಟಿಕೊಂಡಿರುವುದು ರಾಳದ ಬಲದಿಂದ, ಶಾಖ ಏರಿದಂತೆ ಆ ಹಿಡಿತ ಸಡಿಲವಾಗುತ್ತದೆ. ತಂತಿ ಜಡೆಯಿಂದ ಲೋಹ ಹೀರುವಾಗ ಒತ್ತುವುದು, ಪೂರ್ತಿ ಕರಗುವ ಮೊದಲೇ ಪಿನ್ ಎಳೆಯುವುದು ಇವೆರಡೂ ಸಾಮಾನ್ಯ ಕಾರಣಗಳು. ಒಂದು ಜಾಗಕ್ಕೆ ಟಿಪ್ ಎರಡರಿಂದ ನಾಲ್ಕು ಸೆಕೆಂಡಿಗಿಂತ ಹೆಚ್ಚು ತಾಗಬೇಕಾಗಿ ಬಂದರೆ ಅಲ್ಲಿಗೆ ನಿಲ್ಲಿಸಿ, ಕೆಳಗಿನಿಂದ ಬಿಸಿ ಮಾಡುವ ವ್ಯವಸ್ಥೆ ಮಾಡಿಕೊಂಡು ಮುಂದುವರಿಯಿರಿ.

ಅದೇ ರಂಧ್ರವನ್ನು ಪದೇ ಪದೇ ಸಣ್ಣ ತೊಟ್ಟಿಯ ಕರಗಿದ ಲೋಹಕ್ಕೆ ಹಿಡಿದು ಕನೆಕ್ಟರ್ ಬದಲಾಯಿಸುವವರು ಗಮನಿಸಬೇಕಾದದ್ದು ಇನ್ನೊಂದಿದೆ. ಸ್ಯಾಕ್ 305 ತಾಮ್ರವನ್ನು ತವರ-ಸೀಸಕ್ಕಿಂತ ವೇಗವಾಗಿ ಕರಗಿಸುತ್ತದೆ. ಎರಡು ಮೂರು ಸಲ ಹೀಗೆ ಮಾಡಿದರೆ ರಂಧ್ರದ ಅಂಚಿನಲ್ಲಿ, ಗೋಡೆ ಪ್ಯಾಡಿಗೆ ತಿರುಗುವ ಮೂಲೆಯಲ್ಲಿ, ತಾಮ್ರ ತೆಳುವಾಗಿ ಮಾಯವಾಗುತ್ತದೆ. ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸಂದೇಹ ಬಂದರೆ ಬೋರ್ಡನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ರಯೋಗಾಲಯಕ್ಕೇ ಕೊಡಬೇಕು. ಸ್ವಲ್ಪ ನಿಕ್ಕೆಲ್ ಸೇರಿಸಿದ ತವರ-ತಾಮ್ರ ಮಿಶ್ರಲೋಹ ಈ ಕರಗುವಿಕೆಯನ್ನು ನಿಧಾನಗೊಳಿಸುತ್ತದೆ. ಇಂಥ ಕೆಲಸಕ್ಕೆ ಅದೇ ಮೇಲು.

ವೇವ್ ಯಂತ್ರದಲ್ಲಿ ರಂಧ್ರ ತುಂಬುವುದಿಲ್ಲ, ಪಿನ್ನುಗಳ ನಡುವೆ ಸೇತುವೆ ಕಟ್ಟುತ್ತದೆ

ವೇವ್ ಯಂತ್ರದಲ್ಲಿ ಬೋರ್ಡು ಕರಗಿದ ಲೋಹದ ಅಲೆಯ ಮೇಲೆ ಹಾದು ಬೆಸುಗೆ ಪಡೆಯುತ್ತದೆ. ಫ್ಲಕ್ಸ್ ಸಿಂಪಡಣೆಯಿಂದ ಆರಂಭಿಸಿ. ಬೋರ್ಡಿನ ಬದಲು ಒಂದು ದಪ್ಪ ಕಾಗದದ ಹಾಳೆಯನ್ನು ಯಂತ್ರದ ಮೂಲಕ ಕಳುಹಿಸಿ, ಬಿಸಿ ಮಾಡುವ ಭಾಗಕ್ಕೆ ಹೋಗುವ ಮೊದಲೇ ತೆಗೆದು ನೋಡಿದರೆ ಸಿಂಪಡಣೆ ಎಲ್ಲಿ ತಪ್ಪಿದೆ ಎಂದು ತಿಳಿಯುತ್ತದೆ. ನಂತರ ಬೋರ್ಡಿನ ಮೇಲ್ಮುಖದ ಶಾಖ: ಅಲೆಯನ್ನು ಮುಟ್ಟುವ ಹೊತ್ತಿಗೆ ಅದು 100ರಿಂದ 130 ಡಿಗ್ರಿ ತಲುಪಿರದಿದ್ದರೆ ಲೋಹ ರಂಧ್ರದ ಅರ್ಧದಲ್ಲೇ ಗಟ್ಟಿಯಾಗುತ್ತದೆ. ತೊಟ್ಟಿಯನ್ನು 270ಕ್ಕೆ ಏರಿಸುವ ಮೊದಲು ಬೋರ್ಡಿನ ಈ ಶಾಖವನ್ನೂ ಸಾಗುವ ವೇಗವನ್ನೂ ಸರಿಪಡಿಸಿ.

ಈ ಎರಡೂ ಸರಿಯಿದ್ದು, ಮೊದಲು ಚೆನ್ನಾಗಿದ್ದ ಯಂತ್ರ ವಾರದಿಂದ ವಾರಕ್ಕೆ ಕೆಡುತ್ತಿದ್ದರೆ ತೊಟ್ಟಿಯ ಲೋಹವನ್ನೇ ಸಂಶಯಿಸಬೇಕು. ಪ್ರತಿ ಬೋರ್ಡೂ ತನ್ನ ತಾಮ್ರವನ್ನು ಅಲ್ಲಿ ಸ್ವಲ್ಪ ಸ್ವಲ್ಪ ಬಿಟ್ಟುಹೋಗುತ್ತದೆ. ತಾಮ್ರ ಶೇ 1ರ ಹತ್ತಿರ ಬಂದಂತೆ ಲೋಹ ಮಂದವಾಗುತ್ತದೆ, ಸೇತುವೆಗಳು ಮತ್ತು ಚೂಪಾದ ಕೊಂಬುಗಳು ಹೆಚ್ಚುತ್ತವೆ. ಹಳೆಯ ಕಾಲದಲ್ಲಿ ತೊಟ್ಟಿಯ ಶಾಖ ಇಳಿಸಿದರೆ ತವರ-ತಾಮ್ರದ ಸೂಜಿಯಂಥ ಹರಳುಗಳು ಮೇಲೆ ತೇಲುತ್ತಿದ್ದವು, ಕೆನೆ ತೆಗೆದಂತೆ ತೆಗೆಯುತ್ತಿದ್ದೆವು. ಆ ಹರಳುಗಳ ಸಾಂದ್ರತೆ ಸುಮಾರು 8.3. ತವರ-ಸೀಸದ್ದು 8.4, ಆದ್ದರಿಂದ ತೇಲುತ್ತಿದ್ದವು. ಸ್ಯಾಕ್‌ನದು ಸುಮಾರು 7.4, ಹಾಗಾಗಿ ಈಗ ಅವು ತಳಕ್ಕಿಳಿಯುತ್ತವೆ. ಮೇಲೆ ಏನೂ ಕಾಣದಿದ್ದುದರಿಂದ ತೊಟ್ಟಿ ಶುದ್ಧವಾಗಿದೆ ಎಂದುಕೊಳ್ಳುವುದು ದೊಡ್ಡ ತಪ್ಪು: ತಳದಲ್ಲಿ ಕೂಡಿದ ಹರಳುಗಳು ಲೋಹ ತಳ್ಳುವ ಪಂಪಿಗೆ ಸಿಕ್ಕಿಕೊಳ್ಳುತ್ತವೆ. ತೊಟ್ಟಿಯ ಮಾದರಿಯನ್ನು ಗೊತ್ತಾದ ಅಂತರದಲ್ಲಿ ವಿಶ್ಲೇಷಣೆಗೆ ಕಳುಹಿಸಿ, ತಾಮ್ರ ಏರಿದಾಗ ತಾಮ್ರವೇ ಇಲ್ಲದ ಲೋಹದ ಕಡ್ಡಿಗಳನ್ನು ಸೇರಿಸಿ ಮಟ್ಟ ಇಳಿಸುವುದು ಸರಿಯಾದ ದಾರಿ.

ಬೆಸುಗೆಯ ಮೇಲೆ ಮಿನುಗುವ, ಉಗುರಿಗೆ ಗರಗರ ಎನ್ನುವ ಗಟ್ಟಿ ಹರಳುಗಳು ಕಂಡರೆ ಅದು ತವರ-ಕಬ್ಬಿಣದ ಸಂಯುಕ್ತ ಆಗಿರಬಹುದು. ಸೀಸದ ಕಾಲದ ತುಕ್ಕುರಹಿತ ಉಕ್ಕಿನ ತೊಟ್ಟಿಯಲ್ಲೇ ಹೊಸ ಲೋಹ ಹಾಕಿರುವ ಕಡೆ ಇದು ಕಾಣುತ್ತದೆ. ತವರ ಆ ಉಕ್ಕನ್ನು ತಿನ್ನುತ್ತಿದೆ. ಇಲ್ಲಿ ತಡ ಮಾಡಬೇಡಿ. ಪಂಪಿನ ರೆಕ್ಕೆ, ನಳಿಕೆ, ಕೊನೆಗೆ ತೊಟ್ಟಿಯ ಗೋಡೆಯೇ ತೂತಾಗಬಹುದು, ನೂರಾರು ಕಿಲೋ ಕರಗಿದ ಲೋಹ ನೆಲಕ್ಕೆ ಹರಿಯಬಹುದು. ಯಂತ್ರ ನಿಲ್ಲಿಸಿ, ಲೋಹ ಬರಿದು ಮಾಡಿಸಿ, ತಯಾರಕರ ತಂತ್ರಜ್ಞರಿಂದ ಒಳಭಾಗದ ಪರೀಕ್ಷೆ ಮಾಡಿಸಿ. ಟೈಟಾನಿಯಂ, ಲೇಪಿತ ಎರಕದ ಕಬ್ಬಿಣ ಅಥವಾ ಮೇಲ್ಮೈ ಗಟ್ಟಿಗೊಳಿಸಿದ ಉಕ್ಕಿನ ಭಾಗಗಳಿಗೆ ಬದಲಾಯಿಸದೆ ಮತ್ತೆ ಓಡಿಸಬೇಡಿ.

ಓವನ್ನಿನಿಂದ ಹೊರಬಂದ ಬೋರ್ಡ್ ಉಬ್ಬಿದೆ, ಐಸಿ ಸೀಳಿದೆ

ಒಳಗೆ ಸೇರಿದ ತೇವ 240 ಡಿಗ್ರಿಯಲ್ಲಿ ಆವಿಯಾಗಿ ದಾರಿ ಹುಡುಕಿದೆ. 215ರಲ್ಲಿ ತಡೆದುಕೊಂಡಿದ್ದ ಐಸಿಯೇ ಇಲ್ಲಿ ಒಡೆಯುತ್ತದೆ, ಏಕೆಂದರೆ ಆ ಅಂತರದಲ್ಲಿ ಆವಿಯ ಒತ್ತಡ ಬಹಳ ಏರುತ್ತದೆ. ಮೊದಲು ಐಸಿ ಬಂದ ಚೀಲದೊಳಗಿನ ತೇವಸೂಚಕ ಕಾರ್ಡಿನ ಬಣ್ಣ ನೋಡಿ. ಚೀಲದ ಮೇಲೆ ತೇವಸಂವೇದನೆಯ ಮಟ್ಟ ಮುದ್ರಿತವಾಗಿರುತ್ತದೆ: ಮಟ್ಟ 3ರ ಐಸಿಯನ್ನು ಚೀಲ ತೆರೆದ ಮೇಲೆ 30 ಡಿಗ್ರಿ, ಶೇ 60 ತೇವಾಂಶಕ್ಕೆ ಮೀರದ ಕೋಣೆಯಲ್ಲಿ 168 ಗಂಟೆಯೊಳಗೆ ಬೆಸೆಯಬೇಕು. ಅವಧಿ ಮೀರಿದ್ದರೆ ಬೇಕಿಂಗ್ ಮಾಡಬೇಕು, ಅಂದರೆ ಬಿಸಿಯಲ್ಲಿಟ್ಟು ತೇವ ಒಣಗಿಸಬೇಕು, ಸಾಮಾನ್ಯವಾಗಿ 125 ಡಿಗ್ರಿಯಲ್ಲಿ. ಐಸಿಗಳನ್ನು ಸುತ್ತಿಟ್ಟು ಕಳುಹಿಸುವ ಸುರುಳಿಯ ಪ್ಲಾಸ್ಟಿಕ್ ಆ ಶಾಖ ತಾಳದು. ಸುರುಳಿಯಲ್ಲೇ ಇದ್ದರೆ ಕಡಿಮೆ ಶಾಖದಲ್ಲಿ ಬಹಳ ಹೆಚ್ಚು ದಿನ ಇಡಬೇಕಾಗುತ್ತದೆ.

ಬೋರ್ಡೇ ಪದರ ಬಿಟ್ಟಿದ್ದರೆ, ಬೇಕಿಂಗ್ ಮಾಡಿದ ಬೋರ್ಡನ್ನೂ ಮಾಡದ ಬೋರ್ಡನ್ನೂ ಒಟ್ಟಿಗೆ ಓಡಿಸಿ ನೋಡಿ. ಬೇಯಿಸಿದ್ದು ಉಳಿದುಕೊಂಡರೆ ತೇವವೇ ಕಾರಣ. ಎರಡೂ ಉಬ್ಬಿದರೆ ಬೋರ್ಡಿನ ರಾಳ ಈ ಶಾಖಕ್ಕೆ ತಕ್ಕುದಲ್ಲ. ಇಂಥಲ್ಲಿ ಕೇಳಬೇಕಾದ ಅಂಕಿ ರಾಳ ಮೆದುವಾಗುವ ಶಾಖವಷ್ಟೇ ಅಲ್ಲ, ಅದು ಒಡೆದು ಕೊಳೆಯಲು ಆರಂಭಿಸುವ ಶಾಖ. ಎಫ್‌ಆರ್-4 ಎಂಬ ಸಾಧಾರಣ ಬೋರ್ಡಿನ ವಸ್ತುವಿನಲ್ಲಿ ಅದು 300 ಡಿಗ್ರಿಗಿಂತ ಸ್ವಲ್ಪ ಮೇಲಿರುತ್ತದೆ, ಸೀಸರಹಿತ ಕೆಲಸಕ್ಕೆ 340ರ ಆಸುಪಾಸಿನದು ಬೇಕು. ಉಬ್ಬಿದ ಬೋರ್ಡನ್ನು ಒತ್ತಿ ಸರಿಮಾಡಿ ಸಾಗಿಸಬೇಡಿ. ಒಳಗಿನ ತಾಮ್ರದ ದಾರಿಗಳು ಹರಿದಿರಬಹುದು.

ಬೆರಳಿನಿಂದ ಒತ್ತಿದರೆ ಕೆಲಸ ಮಾಡುತ್ತದೆ, ಬಿಟ್ಟರೆ ನಿಲ್ಲುತ್ತದೆ

ತಳದಲ್ಲಿ ಗುಂಡುಗಳಿರುವ ಬಿಜಿಎ ಐಸಿಗಳ ಬೋರ್ಡುಗಳಲ್ಲಿ ಈ ಲಕ್ಷಣ ಕಂಡರೆ ದಿಂಬಿನ ಮೇಲೆ ತಲೆಯಿಟ್ಟಂಥ ಬೆಸುಗೆಯನ್ನು ಶಂಕಿಸಿ. ಐಸಿಯ ಗುಂಡು ಕರಗಿದೆ, ಕೆಳಗಿನ ಪೇಸ್ಟೂ ಕರಗಿದೆ, ಆದರೆ ಎರಡೂ ಒಂದಾಗಿಲ್ಲ. ಒಂದರ ಕುಳಿಯಲ್ಲಿ ಇನ್ನೊಂದು ಕೂತಿದೆ ಅಷ್ಟೆ. ಕಾರ್ಖಾನೆಯ ಪರೀಕ್ಷೆಯಲ್ಲಿ ಇದು ಸುಲಭವಾಗಿ ಪಾಸಾಗಿ, ಸಾಗಣೆಯ ಅಲುಗಾಟಕ್ಕೋ ದಿನದ ಬಿಸಿ-ತಂಪಿಗೋ ಬಿಟ್ಟುಕೊಳ್ಳುತ್ತದೆ. ಹೆಚ್ಚಿದ ಶಾಖದಲ್ಲಿ ಐಸಿಯ ಮೂಲೆಗಳು ಸೊಟ್ಟಾಗಿ ಮೇಲೇಳುತ್ತವೆ. ತಣಿಯುವಾಗ ಮತ್ತೆ ಕೆಳಗಿಳಿದು ಪೇಸ್ಟನ್ನು ಮುಟ್ಟುವ ಹೊತ್ತಿಗೆ ಗುಂಡಿನ ಮೇಲೆ ಆಕ್ಸೈಡ್ ಪೊರೆ ಕಟ್ಟಿರುತ್ತದೆ, ಅದನ್ನು ಕಳೆಯಲು ಫ್ಲಕ್ಸ್ ಉಳಿದಿರುವುದಿಲ್ಲ.

ಇದಕ್ಕೆ ಹತ್ತಿರದ ಪರೀಕ್ಷೆ ಪೇಸ್ಟಿನ ಮುದ್ರಣ. ಮೂಲೆಯ ಪ್ಯಾಡುಗಳ ಮೇಲೆ ಪೇಸ್ಟ್ ಕಡಿಮೆ ಬಿದ್ದಿದೆಯೇ, ಮುದ್ರಿಸಿದ ಬೋರ್ಡ್ ಬಹಳ ಹೊತ್ತು ಕಾಯುತ್ತಿತ್ತೇ ಎಂದು ನೋಡಿ. ನಂತರ ಶಾಖರೇಖೆಯ ನಿಲುಗಡೆಯನ್ನು ಕಡಿಮೆ ಮಾಡಿ ಹೋಲಿಸಿ. ನೇರ ಮೇಲಿನಿಂದ ತೆಗೆದ ಎಕ್ಸ್-ರೇ ಈ ದೋಷವನ್ನು ಮರೆಸುತ್ತದೆ, ಓರೆಯಾಗಿ ತೆಗೆದರೆ ಗುಂಡಿನ ನಡು ಸೊಂಟದಂತೆ ಸಣ್ಣದಾಗಿರುವುದು ಕಾಣಬಹುದು. ಖಚಿತವಾಗಬೇಕಾದರೆ ಬಣ್ಣದ ದ್ರವ ಹಾಯಿಸಿ ಐಸಿಯನ್ನು ಕಿತ್ತು ನೋಡುವ ವಿಧಾನವಿದೆ. ಆ ಬೋರ್ಡ್ ಉಳಿಯುವುದಿಲ್ಲ, ಉಳಿದ ಸಾವಿರದ ಗತಿ ತಿಳಿಯುತ್ತದೆ.

ದುರಸ್ತಿಗೆ ಬಂದ ಬೋರ್ಡಿನಲ್ಲಿ ಹೀಗಾಗಿದ್ದರೆ ಲೋಹಗಳ ಬೆರಕೆಯನ್ನೂ ನೆನಪಿಡಿ. ಸ್ಯಾಕ್ ಗುಂಡಿನ ಐಸಿಯನ್ನು ಸೀಸದ ಪೇಸ್ಟಿನಲ್ಲಿ ಹಳೆಯ 210 ಡಿಗ್ರಿಯ ಶಾಖರೇಖೆಯಿಂದ ಬೆಸೆದರೆ ಪೇಸ್ಟ್ ಕರಗುತ್ತದೆ, ಗುಂಡು ಕರಗುವುದಿಲ್ಲ. ಅರ್ಧ ಬೆರೆತ ಆ ಕೀಲು ಬಿಸಿ-ತಂಪಿನ ಸುತ್ತುಗಳಲ್ಲಿ ಬೇಗ ಸೋಲುತ್ತದೆ. ಬೋರ್ಡಿನಲ್ಲಿ ಯಾವ ಲೋಹವಿದೆ ಎಂದು ತಿಳಿಯಲು, ಶಾಖ ಅಳೆದು ನೋಡಿದ ಟಿಪ್ಪನ್ನು 200 ಡಿಗ್ರಿಗೆ ಹೊಂದಿಸಿ ಸಣ್ಣ ಬೆಸುಗೆಯೊಂದಕ್ಕೆ ಮುಟ್ಟಿಸಿ. ಸ್ಯಾಕ್ ಕರಗದು, ತವರ-ಸೀಸ ಕರಗುತ್ತದೆ. ಆದರೆ 138 ಡಿಗ್ರಿಯ ತವರ-ಬಿಸ್ಮತ್ ಕೂಡ ಕರಗುವುದರಿಂದ, ಇದು ಸುಳಿವು ಮಾತ್ರ. ಬಿಸ್ಮತ್ ಇರುವ ಬೆಸುಗೆಗೆ ಸೀಸ ಎಂದೂ ತಾಗಕೂಡದು: ತವರ, ಸೀಸ, ಬಿಸ್ಮತ್ ಮೂರೂ ಸೇರಿದರೆ ಸುಮಾರು 96 ಡಿಗ್ರಿಯಲ್ಲೇ ಕರಗುವ ಭಾಗವೊಂದು ಹುಟ್ಟಿಕೊಳ್ಳುತ್ತದೆ. ಬಿಸಿಯಾಗುವ ಉಪಕರಣದೊಳಗೆ ಅದು ಬೆಸುಗೆಯಾಗಿ ಉಳಿಯದು.

ಚೆನ್ನಾಗಿ ನಡೆಯುತ್ತಿದ್ದ ಉಪಕರಣ ತಿಂಗಳುಗಳ ನಂತರ ಇದ್ದಕ್ಕಿದ್ದಂತೆ ಶಾರ್ಟ್ ಆಗುತ್ತದೆ

ತೆಗೆದು ನೋಡಿದರೆ ಏನೂ ಇಲ್ಲ, ಮತ್ತೆ ಹಾಕಿದರೆ ಕೆಲಸ ಮಾಡುತ್ತದೆ. ಇಂಥ ದೂರು ಬಂದಾಗ ಮೀಟರ್ ಹಚ್ಚುವ ಮೊದಲು, ಗಾಳಿ ಊದುವ ಮೊದಲು, ಬ್ರಷ್ ಆಡಿಸುವ ಮೊದಲು ಕಣ್ಣಿನಿಂದ ನೋಡಿ. ಶುದ್ಧ ತವರದ ಲೇಪನದಿಂದ ಕೂದಲಿಗಿಂತ ಬಹಳ ತೆಳುವಾದ ಹರಳಿನ ಎಳೆಗಳು ತಾವಾಗಿಯೇ ಬೆಳೆಯುತ್ತವೆ. ಇವೇ ತವರದ ಮೀಸೆಗಳು. ಅವುಗಳ ದಪ್ಪ ಕೆಲವೇ ಮೈಕ್ರಾನ್, ಉದ್ದ ಮಿಲಿಮೀಟರನ್ನೂ ಮೀರಬಹುದು. ಕೆಲವು ಮಿಲಿಆಂಪಿಯರ್ ಹರಿದರೆ ಎಳೆ ಸುಟ್ಟು ಮಾಯವಾಗುತ್ತದೆ. ಸಾಕ್ಷ್ಯವೂ ಅದರೊಂದಿಗೆ ಹೋಗುತ್ತದೆ. 1998ರಲ್ಲಿ ಗ್ಯಾಲಕ್ಸಿ 4 ಸಂವಹನ ಉಪಗ್ರಹ ಕೈಕೊಟ್ಟದ್ದನ್ನು ತಜ್ಞರು ಈ ಮೀಸೆಗಳಿಗೇ ಆರೋಪಿಸಿದ್ದಾರೆ.

ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು, ಬೋರ್ಡನ್ನು ನಿಧಾನವಾಗಿ ತಿರುಗಿಸುತ್ತ, ಹತ್ತರಿಂದ ಐವತ್ತು ಪಟ್ಟು ಹಿಗ್ಗಿಸಿ ನೋಡಬೇಕು. ನೇರ ಬೆಳಕಿನಲ್ಲಿ ಮೀಸೆ ಕಾಣುವುದೇ ಇಲ್ಲ. ಒತ್ತಡ ಬೀಳುವ ಜಾಗಗಳಲ್ಲಿ ಹುಡುಕಿ: ಬಾಗಿಸಿದ ಪಿನ್ನುಗಳು, ಕನೆಕ್ಟರ್ ಒತ್ತಿ ಹಿಡಿಯುವ ಮೂಲೆಗಳು, ತವರ ಲೇಪಿಸಿದ ಲೋಹದ ಮುಚ್ಚಳಗಳು. ಬೋರ್ಡಿನ ಮೇಲ್ಮೈಗೇ ಅಂಟಿಕೊಂಡು ಜರಿಗಿಡದ ಎಲೆಯಂತೆ ಹರಡಿರುವುದು ಕಂಡರೆ ಅದು ಮೀಸೆಯಲ್ಲ. ತೇವ, ವಿದ್ಯುತ್ ಮತ್ತು ಫ್ಲಕ್ಸಿನ ಉಳಿಕೆ ಸೇರಿ ಬೆಳೆಸಿದ ಲೋಹದ ಕವಲು ಅದು, ಅದಕ್ಕೆ ಮದ್ದು ಶುಚಿತ್ವ. ಮೀಸೆಗೆ ತೇವವೂ ಬೇಡ, ವಿದ್ಯುತ್ತೂ ಬೇಡ, ಲೇಪನದೊಳಗಿನ ಒತ್ತಡವೊಂದೇ ಸಾಕು.

ಮೀಸೆ ಕಂಡರೆ ಗುಡಿಸಿ ಮುಗಿಸಬೇಡಿ. ಉದುರಿದ ಎಳೆ ಇನ್ನೊಂದು ಕಡೆ ಬೀಳುತ್ತದೆ, ಕಿತ್ತ ಜಾಗದಲ್ಲಿ ಮತ್ತೆ ಬೆಳೆಯುತ್ತದೆ. ಆ ಬಿಡಿಭಾಗವನ್ನು ನಿಕ್ಕೆಲ್ ಪದರದ ಮೇಲೆ ಮಂದ ಹೊಳಪಿನ ತವರ ಲೇಪಿಸಿದ್ದಕ್ಕೆ ಬದಲಾಯಿಸಿ. ಬೋರ್ಡಿಗೆ ರಕ್ಷಣಾ ಲೇಪನ ಕೊಟ್ಟರೆ ಎಳೆಯ ದಾರಿ ಕಷ್ಟವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ವೈದ್ಯಕೀಯ ಉಪಕರಣ, ವಾಹನದ ಬ್ರೇಕ್, ವಿಮಾನ ಇಂಥವುಗಳ ಬೋರ್ಡಾಗಿದ್ದರೆ ಮೇಜಿನ ದುರಸ್ತಿ ಅಲ್ಲಿಗೇ ನಿಲ್ಲಬೇಕು. ಬೋರ್ಡನ್ನು ಮುಟ್ಟದೆ ಡಬ್ಬಿಯಲ್ಲಿಟ್ಟು, ಉಪಕರಣವನ್ನು ಬಳಕೆಯಿಂದ ತೆಗೆಸಿ, ತಯಾರಕರಿಗೂ ದೋಷ ವಿಶ್ಲೇಷಣೆಯ ಪ್ರಯೋಗಾಲಯಕ್ಕೂ ತಿಳಿಸಿ.

ಪರೀಕ್ಷೆಯಲ್ಲಿ ಸೀಸ ಪತ್ತೆಯಾಗಿದೆ

ಎಕ್ಸ್-ಕಿರಣ ಬಿಟ್ಟು ಲೋಹಗಳನ್ನು ಗುರುತಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಇಡೀ ಬೋರ್ಡಿನ ಮೇಲೆ ಕೂಗಿಕೊಂಡರೆ ತಕ್ಷಣ ಸರಕನ್ನು ತಿರಸ್ಕರಿಸಬೇಡಿ. ಅದರ ಕಿರಣ ಬಿದ್ದಲ್ಲೆಲ್ಲ ಇರುವುದನ್ನು ಒಟ್ಟಿಗೆ ಓದುತ್ತದೆ. ರೆಸಿಸ್ಟರಿನ ಗಾಜಿನಲ್ಲಿ, ಪವರ್ ಡಯೋಡಿನ ಒಳಗಿನ ಶೇ 85ಕ್ಕಿಂತ ಹೆಚ್ಚು ಸೀಸದ ಬೆಸುಗೆಯಲ್ಲಿ ಇರುವ ಸೀಸಕ್ಕೆ ರೋಹ್ಸ್ ವಿನಾಯಿತಿ ನೀಡುತ್ತ ಬಂದಿದೆ. ಆ ವಿನಾಯಿತಿಗಳಿಗೆ ಗಡುವು ಇರುವುದರಿಂದ ಈಗ ಜಾರಿಯಲ್ಲಿರುವ ಪಟ್ಟಿ ನೋಡಿಕೊಳ್ಳಿ. ಬೆಸುಗೆಯೊಂದನ್ನೇ ಬೇರ್ಪಡಿಸಿ ಅಳೆಯಿರಿ. ಶೇ 0.1 ಎಂದರೆ ಹತ್ತು ಲಕ್ಷ ಭಾಗದಲ್ಲಿ 1,000. ಯಂತ್ರ 700ರಿಂದ 1,300ರ ನಡುವೆ ತೋರಿಸಿದರೆ ಅದನ್ನು ತೀರ್ಪೆಂದು ಒಪ್ಪದೆ ರಾಸಾಯನಿಕ ವಿಶ್ಲೇಷಣೆಗೆ ಕಳುಹಿಸಬೇಕು. ಒರೆಸಿ ನೋಡುವ ಬಣ್ಣದ ಕಡ್ಡಿಗಳು ಇಷ್ಟು ಸೂಕ್ಷ್ಮ ಮಟ್ಟಕ್ಕೆ ಸಾಲವು.

ಬೆಸುಗೆಯಲ್ಲೇ ಸೀಸವಿದ್ದರೆ ಅದು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗಿ. ಕೈ ದುರಸ್ತಿಯಾದ ಜಾಗಗಳಲ್ಲಿ ಮಾತ್ರ ಇದ್ದರೆ ಮೇಜಿನ ತಂತಿ ಸುರುಳಿ, ಟಿಪ್, ಸ್ಪಂಜು ಬೆರೆತಿವೆ. ಒಂದು ಬಗೆಯ ಬಿಡಿಭಾಗದ ಸುತ್ತ ಮಾತ್ರ ಇದ್ದರೆ ಅದರ ಪಿನ್ನಿನ ಲೇಪನ ಹಳೆಯ ದಾಸ್ತಾನಿನದು. ವೇವ್‌ನಿಂದ ಬಂದ ಎಲ್ಲ ಬೆಸುಗೆಗಳಲ್ಲೂ ಇದ್ದರೆ ತೊಟ್ಟಿಯಲ್ಲೇ ಸೀಸ ಸೇರಿದೆ. ಅದಕ್ಕೆ ಎಷ್ಟು ಕಡಿಮೆ ಸೀಸ ಸಾಕು ಎಂಬ ಲೆಕ್ಕವನ್ನು ತೊಟ್ಟಿಯ ಬಳಿ ಕೆಲಸ ಮಾಡುವ ಎಲ್ಲರಿಗೂ ಹೇಳಿರಬೇಕು: 200 ಕಿಲೋ ಲೋಹದ ತೊಟ್ಟಿಯಲ್ಲಿ ಶೇ 0.1 ಎಂದರೆ 200 ಗ್ರಾಂ ಸೀಸ. ಒಂದು ಕಿಲೋ ತೂಕದ 63/37 ಕಡ್ಡಿಯಲ್ಲಿ 370 ಗ್ರಾಂ ಸೀಸವಿದೆ. ತಪ್ಪಿ ಒಂದೇ ಕಡ್ಡಿ ಬಿದ್ದರೂ ಇಡೀ ತೊಟ್ಟಿ ಮಿತಿಯ ಹೊರಗೆ, ಅದರಿಂದ ಹಾದುಬಂದ ಎಲ್ಲ ಬೋರ್ಡುಗಳೂ ಹೊರಗೆ.

ಸೀಸವನ್ನು ತೊಟ್ಟಿಯಿಂದ ಸೋಸಿ ತೆಗೆಯುವ ಉಪಾಯ ಕಾರ್ಖಾನೆಯಲ್ಲಿಲ್ಲ. ಸ್ವಲ್ಪವೇ ಮೀರಿದ್ದರೆ ಒಂದು ಭಾಗ ಲೋಹ ತೆಗೆದು ಶುದ್ಧ ಲೋಹ ತುಂಬಬಹುದು, ಹೆಚ್ಚು ಮೀರಿದ್ದರೆ ಪೂರ್ತಿ ಬರಿದು ಮಾಡಿ ಪಂಪು, ನಳಿಕೆ, ಗೋಡೆಗಳಿಗೆ ಅಂಟಿದ್ದನ್ನೂ ತೆಗೆದ ಮೇಲೆಯೇ ಹೊಸದು. ಬರಿದು ಮಾಡಿದ ಲೋಹ ಮತ್ತು ಡ್ರಾಸ್ (ಕರಗಿದ ಲೋಹದ ಮೇಲೆ ಕಟ್ಟುವ ಆಕ್ಸೈಡ್ ಕಸ) ಈಗ ಸೀಸವಿರುವ ತ್ಯಾಜ್ಯ. ಅದನ್ನು ಗುಡಿಸುವಾಗ ಧೂಳು ಏಳದಂತೆ ನೋಡಿಕೊಳ್ಳಿ, ಮುಚ್ಚಿದ ಡಬ್ಬಿಯಲ್ಲಿ ಗುರುತು ಬರೆದು ಪರವಾನಗಿ ಪಡೆದ ಮರುಬಳಕೆದಾರರಿಗೇ ಕೊಡಿ. ಕೊನೆಯ ಬಾರಿ ಸರಿ ಬಂದ ವಿಶ್ಲೇಷಣೆಯ ದಿನಾಂಕದಿಂದ ಇಂದಿನವರೆಗೆ ಆ ಯಂತ್ರ ದಾಟಿದ ಬೋರ್ಡುಗಳ ಕ್ರಮಸಂಖ್ಯೆಗಳನ್ನು ಪಟ್ಟಿ ಮಾಡಿ, ಗುಣಮಟ್ಟ ವಿಭಾಗ ಬಿಡುಗಡೆ ಮಾಡುವವರೆಗೆ ಒಂದನ್ನೂ ಸಾಗಿಸಬೇಡಿ.